ಗ್ರೆನಾಶ್ ವೈನ್ ರುಚಿಪರೀಕ್ಷೆ

ಗ್ರೆನಾಶ್ ವೈನ್ ರುಚಿಪರೀಕ್ಷೆ ಎಂದರೆ ಗ್ರೆನಾಶ್ ತಳಿಯ ಕಪ್ಪು ದ್ರಾಕ್ಷಿಯಿಂದ ತಯಾರಾದ ಕೆಂಪು ವೈನಿನ ಬಣ್ಣ, ಪರಿಮಳ, ರುಚಿ ಹಾಗೂ ಬಾಯಿಯಲ್ಲಿ ಉಳಿಯುವ ಅನುಭವವನ್ನು ಕ್ರಮವಾಗಿ ಗಮನಿಸಿ ಅದರ ಗುಣಮಟ್ಟವನ್ನು ನಿರ್ಣಯಿಸುವ ವಿಧಾನ. ಎಲ್ಲ ಕೆಂಪು ವೈನ್‌ಗಳ ಪರೀಕ್ಷೆಯ ಸಾಮಾನ್ಯ ಕ್ರಮವೇ ಇದಕ್ಕೂ ಅನ್ವಯಿಸುತ್ತದೆ. ಆದರೆ ಗ್ರೆನಾಶ್‌ನ ಬಣ್ಣ ತೆಳು, ಒಗರು ಕಡಿಮೆ, ಮದ್ಯಸಾರದ ಪ್ರಮಾಣ ಹೆಚ್ಚು. ಆದ್ದರಿಂದ ಗಾಢ ಬಣ್ಣ ಮತ್ತು ಬಲವಾದ ಒಗರನ್ನೇ ಉತ್ತಮ ವೈನಿನ ಗುರುತೆಂದು ಭಾವಿಸುವವರು ಈ ವೈನನ್ನು ತಪ್ಪಾಗಿ ಅಳೆಯುವ ಸಾಧ್ಯತೆ ಇರುತ್ತದೆ. ಉನ್ನತ ದರ್ಜೆಯ ಗ್ರೆನಾಶ್‌ನಲ್ಲಿ ನೋಡಬೇಕಾದ ಮುಖ್ಯ ಗುಣವೆಂದರೆ ಹದ, ಅಂದರೆ ಹಣ್ಣಿನ ಮಾಧುರ್ಯ, ಮದ್ಯಸಾರದ ಕಾವು, ಹುಳಿ ಮತ್ತು ಒಗರು ಒಂದನ್ನೊಂದು ಮೀರದೆ ಇರುವ ಸ್ಥಿತಿ.

ತಳಿಯ ಹಿನ್ನೆಲೆ

ಗ್ರೆನಾಶ್‌ನ ಮೂಲ ಸ್ಪೇನ್ ದೇಶದ ಅರಗಾನ್ ಪ್ರಾಂತ್ಯವೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಸ್ಪೇನ್‌ನಲ್ಲಿ ಇದನ್ನು ಗರ್ನಾಚಾ ಎಂದೂ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಕನ್ನೊನಾವ್ ಎಂದೂ ಕರೆಯುತ್ತಾರೆ. ಫ್ರಾನ್ಸ್‌ನ ದಕ್ಷಿಣ ರೋನ್ ಕಣಿವೆ, ಸ್ಪೇನ್‌ನ ಪ್ರಿಯೊರಾಟ್, ಆಸ್ಟ್ರೇಲಿಯಾದ ಬರೋಸಾ ಮತ್ತು ಮ್ಯಾಕ್‌ಲಾರೆನ್ ವೇಲ್ ಇದರ ಪ್ರಸಿದ್ಧ ನೆಲೆಗಳು. ಇದು ಬಿಸಿಲು, ಗಾಳಿ ಮತ್ತು ನೀರಿನ ಕೊರತೆಯನ್ನು ತಾಳಿಕೊಳ್ಳುವ ತಳಿ. ಬಳ್ಳಿಯ ಕಾಂಡ ಗಟ್ಟಿಯಾಗಿದ್ದು ನೇರವಾಗಿ ಬೆಳೆಯುವುದರಿಂದ ಹಳೆಯ ತೋಟಗಳಲ್ಲಿ ಇದನ್ನು ಚಪ್ಪರಕ್ಕೆ ಹಬ್ಬಿಸದೆ ಗಿಡ್ಡ ಪೊದೆಯಂತೆ ಬೆಳೆಸುತ್ತಾರೆ. ಹೂ ಬಿಡುವ ಕಾಲದಲ್ಲಿ ಹವೆ ಕೆಟ್ಟರೆ ಕಾಯಿ ಕಟ್ಟದೆ ಹೂ ಉದುರುವುದು ಈ ತಳಿಯ ದೊಡ್ಡ ದೌರ್ಬಲ್ಯ.

ಗ್ರೆನಾಶ್‌ನ ಹಣ್ಣಿನ ಸಿಪ್ಪೆ ತೆಳುವಾಗಿದ್ದು ಅದರಲ್ಲಿ ಬಣ್ಣದ ಅಂಶ ಕಡಿಮೆ. ಹಣ್ಣು ತಡವಾಗಿ ಮಾಗುವುದರಿಂದ ಸಕ್ಕರೆ ಹೆಚ್ಚು ಶೇಖರವಾಗುತ್ತದೆ ಮತ್ತು ಹುಳಿ ಇಳಿಯುತ್ತದೆ. ಈ ಕೊರತೆಗಳನ್ನು ತುಂಬಲು ಅನೇಕ ಕಡೆ ಇದನ್ನು ಸಿರಾ ಮತ್ತು ಮೂರ್ವೆದ್ರ ತಳಿಗಳೊಂದಿಗೆ ಬೆರೆಸುತ್ತಾರೆ. ದಕ್ಷಿಣ ರೋನ್‌ನ ಶಾತೊನೆಫ್-ದು-ಪಾಪ್ ವೈನಿಗೆ 1936ರಲ್ಲಿ ಫ್ರಾನ್ಸ್‌ನ ಭೌಗೋಳಿಕ ಮಾನ್ಯತೆ ದೊರೆಯಿತು. ಅಲ್ಲಿ ಹಲವು ತಳಿಗಳ ಬಳಕೆಗೆ ಅವಕಾಶವಿದ್ದರೂ ಗ್ರೆನಾಶ್‌ಗೇ ಅಗ್ರಸ್ಥಾನ. ಅದೇ ಊರಿನ ಶಾತೊ ರಾಯಾಸ್ ಎಂಬ ತೋಟವು ಮರಳು ನೆಲದಲ್ಲಿ ಬೆಳೆದ ಗ್ರೆನಾಶ್‌ನಿಂದಲೇ ತನ್ನ ಕೆಂಪು ವೈನನ್ನು ತಯಾರಿಸಿ ಜಗತ್ಪ್ರಸಿದ್ಧವಾಗಿದೆ. ಅದರ ಬಣ್ಣವೂ ತೆಳುವೇ.

ಸಕ್ಕರೆ, ಮದ್ಯಸಾರ ಮತ್ತು ಕಟಾವಿನ ದಿನ

ವೈನಿನ ಮದ್ಯಸಾರವು ಹಣ್ಣಿನ ಸಕ್ಕರೆಯಿಂದ ಹುಟ್ಟುತ್ತದೆ. ಹುದುಗುವಿಕೆಯಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯನ್ನು ಶೇಕಡಾ 1ರಷ್ಟು ಮದ್ಯಸಾರವಾಗಿ ಪರಿವರ್ತಿಸುತ್ತದೆ. ರಸದ ಸಕ್ಕರೆಯನ್ನು ಬ್ರಿಕ್ಸ್ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. 24 ಬ್ರಿಕ್ಸ್ ಇರುವ ದ್ರಾಕ್ಷಿಯಿಂದ ಸುಮಾರು ಶೇಕಡಾ 14 ಮದ್ಯಸಾರದ ವೈನ್ ದೊರೆಯುತ್ತದೆ. ಉತ್ತಮ ಗ್ರೆನಾಶ್ ವೈನ್‌ಗಳಲ್ಲಿ ಶೇಕಡಾ 14ರಿಂದ 15.5ರಷ್ಟು ಮದ್ಯಸಾರ ಇರುವುದು ಸಾಮಾನ್ಯ.

ಬ್ರಿಕ್ಸ್ ಮಾನವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಕಬ್ಬು ಬೆಳೆಗಾರರಿಗೂ ಪರಿಚಿತ. ಕೃಷ್ಣಾ ನದಿಯ ಉಪನದಿಯಾದ ಘಟಪ್ರಭೆಯ ಈ ಸೀಮೆಯಲ್ಲಿ ಹಿಡಕಲ್ ಜಲಾಶಯದ ನೀರಾವರಿ ಇದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಗ್ರೆನಾಶ್ ಇಲ್ಲಿನ ವಾಡಿಕೆಯ ಬೆಳೆಯಲ್ಲ. ಆದರೆ ಕಬ್ಬು ಕಡಿಯಲು ಬಂದಿದೆಯೇ ಎಂದು ನೋಡಲು ಬಳಸುವ ಕೈ ರಿಫ್ರಾಕ್ಟೋಮೀಟರ್ ಉಪಕರಣವೇ ದ್ರಾಕ್ಷಿತೋಟದಲ್ಲಿಯೂ ಬಳಕೆಯಲ್ಲಿದೆ. ಒಂದು ಹನಿ ರಸವನ್ನು ಅದರ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಸಕ್ಕರೆಯ ಅಂಶ ಕಾಣುತ್ತದೆ.

ಉಪಕರಣ ಒಂದೇ ಆದರೂ ಅದು ಕೊಡುವ ಅಂಕಿಯ ಅರ್ಥ ಎರಡು ಬೆಳೆಗಳಲ್ಲಿ ಒಂದೇ ಅಲ್ಲ. ಕಬ್ಬಿನಲ್ಲಿ ಸಕ್ಕರೆ ಹೆಚ್ಚಿದಷ್ಟೂ ಇಳುವರಿಗೆ ಲಾಭ. ವೈನ್ ದ್ರಾಕ್ಷಿಯಲ್ಲಿ ಸಕ್ಕರೆ ಹೆಚ್ಚುತ್ತ ಹೋದಂತೆ ಹುಳಿ ಕುಗ್ಗುತ್ತದೆ, ತಾಜಾ ಹಣ್ಣಿನ ಪರಿಮಳ ಒಣಹಣ್ಣಿನ ಕಡೆಗೆ ವಾಲುತ್ತದೆ ಮತ್ತು ತಯಾರಾದ ವೈನ್ ಗಂಟಲನ್ನು ಸುಡುವಷ್ಟು ತೀಕ್ಷ್ಣವಾಗುತ್ತದೆ. ತೀರ ಬೇಗ ಕೊಯ್ದರೆ ವೈನ್ ತೆಳ್ಳಗಾಗಿ ಹಸಿರು ವಾಸನೆ ಉಳಿಯುತ್ತದೆ. ಬೆಲ್ಲ ತಯಾರಿಸುವವರು ಪಾಕದ ಹದ ತಪ್ಪದಂತೆ ಕೊಪ್ಪರಿಗೆಯನ್ನು ಇಳಿಸುವ ಗಳಿಗೆಯನ್ನು ಕಾಯುವಂತೆ, ಗ್ರೆನಾಶ್ ಬೆಳೆಗಾರರು ಕಟಾವಿನ ದಿನವನ್ನು ಕಾಯುತ್ತಾರೆ. ರುಚಿಪರೀಕ್ಷಕರು ಲೋಟದಲ್ಲಿ ಗುರುತಿಸುವ ಗುಣದೋಷಗಳಲ್ಲಿ ಹಲವು ಆ ದಿನದ ನಿರ್ಧಾರದಿಂದ ಬಂದವು.

ಪೂರ್ವಸಿದ್ಧತೆ

ಪರೀಕ್ಷೆಯ ಕೊಠಡಿಯಲ್ಲಿ ಹಗಲಿನ ಬೆಳಕು ಮತ್ತು ಬಿಳಿ ಹಿನ್ನೆಲೆ ಇರಬೇಕು. ಊದಿನಕಡ್ಡಿ, ಅತ್ತರು, ಒಗ್ಗರಣೆ ಅಥವಾ ತಂಬಾಕಿನ ವಾಸನೆ ಇರಬಾರದು. ಎಲೆ-ಅಡಿಕೆ, ಕಾಫಿ ಅಥವಾ ಖಾರದ ತಿಂಡಿ ಸೇವಿಸಿದ ಕೂಡಲೇ ಪರೀಕ್ಷೆಗೆ ಕೂರುವುದು ಸರಿಯಲ್ಲ. ಅಡಿಕೆಯ ಒಗರು ನಾಲಿಗೆಯ ಮೇಲೆ ಬಹಳ ಹೊತ್ತು ಉಳಿದು ವೈನಿನ ಒಗರನ್ನು ಮರೆಮಾಡುತ್ತದೆ.

ಲೋಟವು ಬಣ್ಣವಿಲ್ಲದ ತೆಳು ಗಾಜಿನದಾಗಿದ್ದು, ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರಬೇಕು. ಆಗ ಪರಿಮಳ ಚದುರದೆ ಮೂಗಿನ ಬಳಿ ಒಟ್ಟುಗೂಡುತ್ತದೆ. ಐಎಸ್‌ಒ 3591 ಎಂಬ 1977ರ ಅಂತರರಾಷ್ಟ್ರೀಯ ಮಾನಕವು ಪರೀಕ್ಷೆಯ ಲೋಟದ ಆಕಾರವನ್ನು ನಿಗದಿಪಡಿಸಿದೆ. ಸುಮಾರು 215 ಮಿಲಿಲೀಟರ್ ಹಿಡಿಯುವ ಆ ಲೋಟಕ್ಕೆ 50 ಮಿಲಿಲೀಟರ್ ವೈನ್ ಮಾತ್ರ ಸುರಿಯಲಾಗುತ್ತದೆ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ಯುರೋಪಿನ ತಂಪು ಮನೆಗಳಿಗೆ ಹೊಂದುವಂಥದು. ಉತ್ತರ ಕರ್ನಾಟಕದ ಬೇಸಿಗೆಯ ಕೋಣೆಗೆ ಅದು ಹೊಂದದು. ಗ್ರೆನಾಶ್‌ಗೆ 15ರಿಂದ 17 ಡಿಗ್ರಿ ಸೆಲ್ಸಿಯಸ್ ಸೂಕ್ತ. ಅದಕ್ಕಿಂತ ಬೆಚ್ಚಗಾದರೆ ಮದ್ಯಸಾರ ಆವಿಯಾಗಿ ಮೂಗಿಗೆ ಹೊಡೆಯುತ್ತದೆ ಮತ್ತು ಹಣ್ಣಿನ ಪರಿಮಳ ಅದರ ಹಿಂದೆ ಮುಚ್ಚಿಹೋಗುತ್ತದೆ. ತೀರ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಒಗರು ಮಾತ್ರ ಎದ್ದು ಕಾಣುತ್ತದೆ. ಬಡಿಸುವ ಮುನ್ನ ಬಾಟಲಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿ ಇಡುವುದು ಸುಲಭ ಉಪಾಯ.

ಪರೀಕ್ಷೆಯ ಹಂತಗಳು

ನೋಟ

ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ನಡುವಿನ ಬಣ್ಣವನ್ನೂ ಅಂಚಿನ ಬಣ್ಣವನ್ನೂ ನೋಡಬೇಕು. ಎಳೆಯ ಗ್ರೆನಾಶ್ ಮಾಣಿಕ್ಯದಂತೆ ಕೆಂಪಾಗಿದ್ದು ಪಾರದರ್ಶಕವಾಗಿರುತ್ತದೆ. ಎಷ್ಟೋ ಸಲ ಲೋಟದ ಹಿಂದಿನ ಅಕ್ಷರಗಳನ್ನು ಓದಬಹುದು. ಇದು ನೀರು ಬೆರೆತ ಲಕ್ಷಣವಲ್ಲ, ತಳಿಯ ಸ್ವಭಾವ. ಗ್ರೆನಾಶ್ ಗಾಳಿಯ ಸಂಪರ್ಕಕ್ಕೆ ಬೇಗ ಬಾಗುವುದರಿಂದ ಕೆಲವೇ ವರ್ಷಗಳಲ್ಲಿ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಲೋಟವನ್ನು ತಿರುಗಿಸಿದಾಗ ಒಳಗೋಡೆಯ ಮೇಲೆ ನಿಧಾನವಾಗಿ ಇಳಿಯುವ ಹನಿಗೆರೆಗಳು ಮುಖ್ಯವಾಗಿ ಮದ್ಯಸಾರದಿಂದ ಉಂಟಾಗುವಂಥವು. ಅವನ್ನು ಗುಣಮಟ್ಟದ ಸಾಕ್ಷಿಯೆಂದು ತಿಳಿಯಬಾರದು.

ಪರಿಮಳ

ಮೊದಲು ಲೋಟವನ್ನು ಅಲುಗಾಡಿಸದೆ, ಆಮೇಲೆ ನಿಧಾನವಾಗಿ ಸುತ್ತಿಸಿ ಮೂಸಬೇಕು. ದೀರ್ಘವಾಗಿ ಎಳೆಯುವುದಕ್ಕಿಂತ ಚಿಕ್ಕ ಚಿಕ್ಕ ಉಸಿರುಗಳಲ್ಲಿ ಮೂಸುವುದು ಉತ್ತಮ, ಏಕೆಂದರೆ ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಗ್ರೆನಾಶ್‌ನಲ್ಲಿ ಸ್ಟ್ರಾಬೆರಿ, ರಾಸ್ಪ್‌ಬೆರಿ ಮತ್ತು ಚೆರಿ ಹಣ್ಣುಗಳ ಪರಿಮಳವನ್ನು ಗುರುತಿಸುವುದು ರೂಢಿ. ಇವುಗಳ ಜೊತೆಗೆ ಬಿಳಿ ಮೆಣಸು, ಬಡೇಸೋಪು, ಜ್ಯೇಷ್ಠಮಧು, ಒಣಗಿದ ಕಿತ್ತಳೆ ಸಿಪ್ಪೆ ಮತ್ತು ಒಣ ಸೊಪ್ಪಿನ ಛಾಯೆಗಳೂ ಕಾಣುತ್ತವೆ. ವಯಸ್ಸಾದ ವೈನಿನಲ್ಲಿ ತಾಜಾ ಹಣ್ಣು ಹಿಂದೆ ಸರಿದು ಒಣ ಅಂಜೂರ, ಖರ್ಜೂರ, ಚರ್ಮ ಮತ್ತು ಸಂಬಾರ ಪದಾರ್ಥಗಳ ವಾಸನೆ ಮುಂದೆ ಬರುತ್ತದೆ.

ಪರಿಮಳದ ಶಬ್ದಗಳು ಪರೀಕ್ಷಕರ ನೆನಪನ್ನು ಆಧರಿಸಿವೆ. ರಾಸ್ಪ್‌ಬೆರಿ ಕಾಣದ ಊರಿನವರು ಆ ಹೆಸರನ್ನು ಬಾಯಿಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ಕವಳಿಹಣ್ಣು, ಹಿಪ್ಪುನೇರಳೆ, ಮಾಗಿದ ನೇರಳೆಗಳ ಹೋಲಿಕೆಯೂ ಅಷ್ಟೇ ಸಮರ್ಥವಾದುದು. ಗೋಕಾಕದ ಕರದಂಟನ್ನು ಅಂಟು, ಬೆಲ್ಲ, ಒಣಕೊಬ್ಬರಿ ಮತ್ತು ಒಣಹಣ್ಣುಗಳಿಂದ ತಯಾರಿಸುತ್ತಾರೆ. ಅದನ್ನು ಬಲ್ಲವರಿಗೆ ಹಳೆಯ ಗ್ರೆನಾಶ್‌ನ ಒಣಹಣ್ಣು ಮತ್ತು ಕಾಯಿಸಿದ ಸಕ್ಕರೆಯ ವಾಸನೆಯನ್ನು ಹೆಸರಿಸಲು ಬೇರೆ ಕೋಶ ಬೇಕಾಗದು. ಒಂದೇ ವಾಸನೆಗೆ ಪ್ರತಿ ಸಲವೂ ಅದೇ ಹೆಸರು ಬಳಸುವುದು ಮುಖ್ಯ.

ರುಚಿ ಮತ್ತು ಸ್ಪರ್ಶ

ಒಂದು ಚಿಕ್ಕ ಗುಟುಕನ್ನು ಬಾಯಿಗೆ ತೆಗೆದುಕೊಂಡು ನಾಲಿಗೆಯ ಎಲ್ಲ ಭಾಗಗಳಿಗೆ ತಾಗುವಂತೆ ಆಡಿಸಿ, ತುಟಿಗಳ ನಡುವೆ ಸ್ವಲ್ಪ ಗಾಳಿ ಎಳೆದುಕೊಳ್ಳಬೇಕು. ಆಗ ಪರಿಮಳವು ಗಂಟಲಿನ ಹಿಂಭಾಗದಿಂದ ಮೂಗಿಗೆ ಏರುತ್ತದೆ. ರುಚಿಯೆಂದು ನಾವು ಕರೆಯುವುದರ ದೊಡ್ಡ ಪಾಲು ಈ ದಾರಿಯಿಂದ ಬರುವ ವಾಸನೆಯೇ ಆಗಿದೆ. ಈ ಹಂತದಲ್ಲಿ ನಾಲ್ಕು ಅಂಶಗಳನ್ನು ಬೇರೆಬೇರೆಯಾಗಿ ಗಮನಿಸಬೇಕು.

ಮೊದಲನೆಯದು ಸಿಹಿ. ಒಣ ಗ್ರೆನಾಶ್‌ನಲ್ಲಿ ಉಳಿದ ಸಕ್ಕರೆ ಅತ್ಯಲ್ಪ. ಮಾಗಿದ ಹಣ್ಣಿನ ಪರಿಮಳ ಮತ್ತು ಮದ್ಯಸಾರ ಸೇರಿ ಸಿಹಿಯ ಭ್ರಮೆ ಹುಟ್ಟಿಸುತ್ತವೆ. ಮೂಗನ್ನು ಮುಚ್ಚಿ ಒಂದು ಗುಟುಕು ರುಚಿ ನೋಡಿದರೆ ಪರಿಮಳದಿಂದ ಬರುವ ಭ್ರಮೆ ಮರೆಯಾಗುತ್ತದೆ. ಎರಡನೆಯದು ಹುಳಿ. ಬಾಯಿಯ ಎರಡೂ ಬದಿಗಳಲ್ಲಿ ಜೊಲ್ಲು ಊರುವ ಪ್ರಮಾಣದಿಂದ ಇದನ್ನು ತಿಳಿಯಬಹುದು. ಹುಳಿ ಸಾಲದ ಗ್ರೆನಾಶ್ ಜಾಮಿನಂತೆ ಮಂದವಾಗಿರುತ್ತದೆ. ಮೂರನೆಯದು ಒಗರು. ಇದು ರುಚಿಗಿಂತ ಸ್ಪರ್ಶಕ್ಕೆ ಹತ್ತಿರವಾದುದು. ನೆಲ್ಲಿಕಾಯಿ ಅಥವಾ ಬಲಿಯದ ನೇರಳೆ ತಿಂದಾಗ ಒಸಡು ಬಿಗಿಯುವಂತೆ, ಸಿಪ್ಪೆ ಮತ್ತು ಬೀಜದ ಟ್ಯಾನಿನ್‌ಗಳಿಂದ ಇದು ಉಂಟಾಗುತ್ತದೆ. ಒಳ್ಳೆಯ ಗ್ರೆನಾಶ್‌ನಲ್ಲಿ ಒಗರು ನಯವಾಗಿ, ನುಣ್ಣನೆಯ ಪುಡಿಯಂತೆ ಹರಡಿರುತ್ತದೆ. ಒಗರನ್ನು ಕಹಿಯೊಡನೆ ಗೊಂದಲ ಮಾಡಿಕೊಳ್ಳಬಾರದು. ನಾಲ್ಕನೆಯದು ಮದ್ಯಸಾರದ ಕಾವು. ಗುಟುಕು ಇಳಿದ ಮೇಲೆ ಎದೆಯ ಕಡೆಗೆ ಹರಡುವ ಬಿಸಿ ಮಿತವಾಗಿದ್ದರೆ ಗುಣ, ಉರಿಯಾದರೆ ದೋಷ.

ಹಲವು ವೈನ್‌ಗಳನ್ನು ಒಂದೇ ಕೂತಲ್ಲಿ ಪರೀಕ್ಷಿಸುವವರು ವೈನನ್ನು ನುಂಗದೆ ಪಾತ್ರೆಗೆ ಉಗುಳುತ್ತಾರೆ. ವೃತ್ತಿನಿರತ ಪರೀಕ್ಷಕರಲ್ಲಿ ಇದು ನಿಯಮವೇ ಆಗಿದೆ, ಅಸಭ್ಯತೆಯಲ್ಲ.

ಉಳಿಕೆ ಮತ್ತು ನಿರ್ಣಯ

ವೈನನ್ನು ನುಂಗಿದ ಅಥವಾ ಉಗುಳಿದ ಮೇಲೆ ಅದರ ಪರಿಮಳ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಗುಣಮಟ್ಟದ ಮುಖ್ಯ ಅಳತೆ. ಉಳಿಯುವುದು ಹಣ್ಣಿನ ಪರಿಮಳವೇ, ಬರಿಯ ಉರಿಯೇ ಎಂಬುದನ್ನೂ ನೋಡಬೇಕು. ಉನ್ನತ ದರ್ಜೆಯ ಗ್ರೆನಾಶ್‌ನಲ್ಲಿ ಪರಿಮಳ ದೀರ್ಘವಾಗಿದ್ದು ಕೊನೆಯಲ್ಲಿ ಬಾಯಿ ಶುಚಿಯಾಗಿ, ಮತ್ತೊಂದು ಗುಟುಕಿಗೆ ಸಿದ್ಧವಾಗಿರುತ್ತದೆ. ಶೇಕಡಾ 15 ಮದ್ಯಸಾರವಿದ್ದೂ ಅದು ಬೇರೆಯಾಗಿ ಗೋಚರಿಸದಿದ್ದರೆ ವೈನ್ ಹದವಾಗಿದೆ ಎನ್ನಬಹುದು.

ಸಾಮಾನ್ಯ ದೋಷಗಳು

ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ಮೂಲಕ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ ವೈನಿಗೆ ಸೇರಿರುವ ಸಂಭವ ಹೆಚ್ಚು. ವಿನೆಗರ್ ಅಥವಾ ಉಗುರು ಬಣ್ಣದ ವಾಸನೆಯು ಬ್ಯಾಕ್ಟೀರಿಯಾಗಳ ಚಟುವಟಿಕೆಯನ್ನು ಸೂಚಿಸುತ್ತದೆ. ಕುದುರೆ ಲಾಯದಂಥ ವಾಸನೆಗೆ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಕಾರಣ. ಅತಿ ಸ್ವಲ್ಪ ಪ್ರಮಾಣದಲ್ಲಿ ಇದನ್ನು ಕೆಲವರು ಸಹಿಸುತ್ತಾರೆ. ಗ್ರೆನಾಶ್‌ನಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದುದು ಆಕ್ಸಿಡೀಕರಣದ ಬಗ್ಗೆ. ಎಳೆಯ ವೈನ್ ಕಂದು ಬಣ್ಣಕ್ಕೆ ತಿರುಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಅದು ಕೆಟ್ಟಿದೆ ಎಂದರ್ಥ. ಇದೇ ಕಾರಣಕ್ಕೆ ಅನೇಕ ತಯಾರಕರು ಗ್ರೆನಾಶ್ ಅನ್ನು ಹೊಸ ಓಕ್ ಮರದ ಚಿಕ್ಕ ಪೀಪಾಯಿಗಳಲ್ಲಿ ಇಡದೆ, ಕಾಂಕ್ರೀಟ್ ತೊಟ್ಟಿ ಅಥವಾ ಹಳೆಯ ದೊಡ್ಡ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಬಾಟಲಿಯನ್ನು ಬೇಸಿಗೆಯ ಬಿಸಿಯಲ್ಲಿ ಇಡುವುದರಿಂದಲೂ ಒಳ್ಳೆಯ ವೈನ್ ಬೆಂದಂತಾಗಿ ಹಾಳಾಗುತ್ತದೆ.

ಪೂರ್ವಗ್ರಹ ಮತ್ತು ಬೆಲೆ

ಕಣ್ಣು ಮತ್ತು ಬೆಲೆಪಟ್ಟಿ ನಾಲಿಗೆಯನ್ನು ದಾರಿ ತಪ್ಪಿಸಬಲ್ಲವು. 2001ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನವೊಂದರಲ್ಲಿ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಬೋರ್ಡೊ ವಿಶ್ವವಿದ್ಯಾಲಯದ 54 ವೈನ್ ವಿದ್ಯಾರ್ಥಿಗಳಿಗೆ ಕೊಡಲಾಯಿತು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಶಬ್ದಗಳಲ್ಲಿ ವರ್ಣಿಸಿದರು. 2008ರಲ್ಲಿ ಅಮೆರಿಕದ ಸಂಶೋಧಕರು ಒಂದೇ ವೈನಿಗೆ ಎರಡು ಬೆಲೆಗಳನ್ನು ಹೇಳಿ ಕೊಟ್ಟಾಗ, ಹೆಚ್ಚು ಬೆಲೆ ಹೇಳಿದ ವೈನೇ ಹೆಚ್ಚು ಹಿತವಾಗಿದೆಯೆಂದು ಪಾಲ್ಗೊಂಡವರು ತಿಳಿಸಿದರು. ತೆಳು ಬಣ್ಣದ ಗ್ರೆನಾಶ್‌ನ ಪರೀಕ್ಷೆಯಲ್ಲಿ ಈ ಎರಡೂ ಫಲಿತಾಂಶಗಳು ಮಹತ್ವದವು. ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ಸಂಖ್ಯೆ ಮಾತ್ರ ಬರೆದು ನಡೆಸುವ ಗುಪ್ತ ಪರೀಕ್ಷೆಯಿಂದ ಹೆಸರು ಮತ್ತು ಬೆಲೆಯ ಪ್ರಭಾವವನ್ನು ದೂರವಿಡಬಹುದು. ಬಣ್ಣದ ಪ್ರಭಾವವನ್ನೂ ತಪ್ಪಿಸಲು ಕೆಲವೆಡೆ ಕಪ್ಪು ಗಾಜಿನ ಲೋಟಗಳನ್ನು ಬಳಸುತ್ತಾರೆ.

ಆಹಾರದೊಂದಿಗೆ

ಗ್ರೆನಾಶ್‌ನ ಮೃದು ಒಗರು ಹುರಿದ ಅಥವಾ ನಿಧಾನವಾಗಿ ಬೇಯಿಸಿದ ಕುರಿಮಾಂಸಕ್ಕೆ ಹೊಂದುತ್ತದೆ. ಜೋಳದ ರೊಟ್ಟಿಯೊಡನೆ ಬಡಿಸುವ ಬದನೆಕಾಯಿ ಎಣ್ಣೆಗಾಯಿಯಲ್ಲಿರುವ ಶೇಂಗಾ, ಎಳ್ಳು ಮತ್ತು ಎಣ್ಣೆಯ ಜಿಡ್ಡಿಗೂ ಇದು ಜೊತೆಯಾಗಬಲ್ಲದು. ಆದರೆ ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಅತಿ ಖಾರದ ಅಡುಗೆಗಿಂತ, ಬಣ್ಣ ಹೆಚ್ಚಿದ್ದು ಖಾರ ಮಿತವಾಗಿರುವ ಬ್ಯಾಡಗಿ ಮೆಣಸಿನಕಾಯಿಯ ಅಡುಗೆ ಮೇಲು. ಕರದಂಟು, ಬೆಳಗಾವಿಯ ಕುಂದಾದಂಥ ಸಿಹಿತಿನಿಸುಗಳ ಜೊತೆಗೆ ಒಣ ವೈನ್ ಹುಳಿಯಾಗಿ, ತೆಳ್ಳಗಾಗಿ ತೋರುತ್ತದೆ. ಸಿಹಿಗೆ ಅದಕ್ಕಿಂತ ಸಿಹಿಯಾದ ವೈನೇ ಬೇಕು. ಫ್ರಾನ್ಸ್‌ನ ಬಾನ್ಯುಲ್ಸ್ ಮತ್ತು ಮೋರಿ ಎಂಬ ಸಿಹಿ ವೈನ್‌ಗಳು ಗ್ರೆನಾಶ್‌ನಿಂದಲೇ ತಯಾರಾಗುತ್ತವೆ.

ಆರೋಗ್ಯ

ಶೇಕಡಾ 14.5 ಮದ್ಯಸಾರವಿರುವ 150 ಮಿಲಿಲೀಟರ್ ವೈನಿನಲ್ಲಿ ಸುಮಾರು 17 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯಪಾನೀಯಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯಪಾನದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಬೆಲೆ ಹೆಚ್ಚಿರುವ ವೈನ್ ಇದಕ್ಕೆ ಹೊರತಲ್ಲ. ಗರ್ಭಿಣಿಯರು, ವಾಹನ ಚಲಾಯಿಸುವವರು, ಕಾನೂನು ನಿಗದಿಪಡಿಸಿದ ವಯಸ್ಸು ತುಂಬದವರು ಇದನ್ನು ಸೇವಿಸಬಾರದು.

ಮೆಚ್ಚುಗೆ ಮತ್ತು ಬೆಳೆಗಾರ

ಒಂದು ತಳಿಯ ವೈನನ್ನು ಮಾರುಕಟ್ಟೆ ಹೇಗೆ ಅಳೆಯುತ್ತದೆ ಎಂಬುದರ ಮೇಲೆ ಆ ತಳಿಯ ತೋಟಗಳ ಉಳಿವು ನಿಂತಿದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ದ್ರಾಕ್ಷಿಯ ಬೆಲೆ ಕುಸಿದಾಗ, ಬಳ್ಳಿಗಳನ್ನು ಕಿತ್ತುಹಾಕಲು ಸರ್ಕಾರವೇ ಬೆಳೆಗಾರರಿಗೆ ಹಣ ಕೊಟ್ಟಿತು. ಗಾಢ ಬಣ್ಣದ ವೈನ್‌ಗಳ ಮುಂದೆ ಬೇಡಿಕೆ ಕಳೆದುಕೊಂಡಿದ್ದ ಹಳೆಯ ಗ್ರೆನಾಶ್ ತೋಟಗಳು ಆಗ ದೊಡ್ಡ ಪ್ರಮಾಣದಲ್ಲಿ ನಾಶವಾದವು. ಹಳೆಯ ಬಳ್ಳಿಗಳು ಕಡಿಮೆ ಇಳುವರಿ ಕೊಟ್ಟರೂ ಅವುಗಳ ಹಣ್ಣಿನಲ್ಲಿ ಸತ್ವ ಮತ್ತು ಹದ ಹೆಚ್ಚೆಂದು ಇಂದು ಗುರುತಿಸಲಾಗಿದೆ. ಬರೋಸಾದಲ್ಲಿ 1848ರಲ್ಲಿ ನೆಟ್ಟವೆನ್ನಲಾದ ಗ್ರೆನಾಶ್ ಬಳ್ಳಿಗಳು ಈಗಲೂ ಫಲ ಕೊಡುತ್ತಿವೆ. ಅಂದು ಕಿತ್ತ ಬಳ್ಳಿಗಳ ಜಾಗದಲ್ಲಿ ಹೊಸದನ್ನು ನೆಟ್ಟರೆ ಆ ವಯಸ್ಸಿಗೆ ಬರಲು ಇನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕು.

ಕರ್ನಾಟಕದಲ್ಲಿ ಆಧುನಿಕ ವೈನ್ ತಯಾರಿಕೆಗೆ ನಂದಿ ಬೆಟ್ಟದ ಸಮೀಪ 1988ರಲ್ಲಿ ಸ್ಥಾಪನೆಯಾದ ಗ್ರೋವರ್ ವೈನ್‌ಯಾರ್ಡ್ಸ್ ನಾಂದಿ ಹಾಡಿತು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದು, ದ್ರಾಕ್ಷಾರಸ ಮಂಡಳಿಯನ್ನು ಸ್ಥಾಪಿಸಿತು. ನಂದಿ ಕಣಿವೆಯಂತೆಯೇ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳನ್ನು ಒಳಗೊಂಡ ಕೃಷ್ಣಾ ಕಣಿವೆಯೂ ವೈನ್ ದ್ರಾಕ್ಷಿಯ ವಲಯವೆಂದು ಗುರುತಿಸಲ್ಪಟ್ಟಿದೆ. ಈ ಕಣಿವೆಯ ದ್ರಾಕ್ಷಿಯಲ್ಲಿ ಹೆಚ್ಚಿನದು ತಿನ್ನುವ ಹಣ್ಣಾಗಿ ಅಥವಾ ಒಣದ್ರಾಕ್ಷಿಯಾಗಿ ಮಾರಾಟವಾಗುತ್ತದೆ. ಇಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರಿ, ಅಂದರೆ ಬೆಳೆಗಾರರ ಮಾತಿನಲ್ಲಿ ಚಾಟ್ನಿ ಮಾಡಿ, ಒಂದು ಬೆಳೆ ತೆಗೆಯುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಾಡಿದ ಚಾಟ್ನಿಯ ಫಸಲು ಜನವರಿಯಿಂದ ಏಪ್ರಿಲ್ ನಡುವೆ ಕಟಾವಿಗೆ ಬರುತ್ತದೆ. ಹೀಗಾಗಿ ಹಣ್ಣು ಮಾಗುತ್ತಿದ್ದಂತೆ ಬಿಸಿಲೂ ಏರುತ್ತ ಹೋಗುತ್ತದೆ. ಯುರೋಪಿನಲ್ಲಿ ಶರತ್ಕಾಲದ ತಂಪು ಹತ್ತಿರವಾಗುವಾಗ ಗ್ರೆನಾಶ್ ಮಾಗುತ್ತದೆ.

ಭಾರತದಲ್ಲಿ ಗ್ರೆನಾಶ್‌ನ ಬಳಕೆ ಇನ್ನೂ ಸೀಮಿತ. ಮಹಾರಾಷ್ಟ್ರದ ನಾಸಿಕದ ಸುಲಾ ವೈನ್‌ಯಾರ್ಡ್ಸ್ ಈ ತಳಿಯಿಂದ ತಿಳಿಗೆಂಪು ರೋಸೆ ವೈನನ್ನು ತಯಾರಿಸಿದೆ. ಬಿಸಿಲು ತಾಳುವ ಗುಣದಿಂದ ದಖನ್ ಪ್ರಸ್ಥಭೂಮಿಗೆ ಇದು ಹೊಂದುವಂತೆ ಕಂಡರೂ, ಏರುವ ಬಿಸಿಲಿನಲ್ಲಿ ಸಕ್ಕರೆ ಹೆಚ್ಚಿ ಹುಳಿ ಬೇಗ ಇಳಿಯುವ ಅಪಾಯವೂ ಅಷ್ಟೇ ಇದೆ. ತೂಕಕ್ಕೆ ಮಾತ್ರ ಬೆಲೆ ಸಿಗುವಲ್ಲಿ ಇಳುವರಿ ತಗ್ಗಿಸಿ, ಹುಳಿ ಉಳಿದಿರುವಾಗಲೇ ಕೊಯ್ಯಲು ಬೆಳೆಗಾರನಿಗೆ ಕಾರಣವಿರುವುದಿಲ್ಲ. ಹದವನ್ನು ಗುರುತಿಸಬಲ್ಲ ಪರೀಕ್ಷಕರೂ ಅದಕ್ಕೆ ಬೆಲೆ ಕೊಡುವ ಗ್ರಾಹಕರೂ ಇರುವಲ್ಲಿ ಮಾತ್ರ ಅಂಥ ಬೇಸಾಯ ಲಾಭದಾಯಕವಾಗುತ್ತದೆ.